ಎರಡು ಮೆಟ್ಟಿಲು ಹಿಂದೆ ನಿಂತವರು

ಸಂತಾಪ ಸಭೆಯೊಂದರಲ್ಲಿ ಜನ ನಕ್ಕದ್ದನ್ನು ನನ್ನ ಆಯುಷ್ಯದಲ್ಲಿ ಒಂದೇ ಸಲ ನೋಡಿದ್ದೇನೆ. ಕಳೆದ ಶ್ರಾವಣದಲ್ಲಿ, ವಿಜಯಪುರದ ನಮ್ಮ ಕಾಲೇಜಿನ ಸಭಾಗೃಹದಲ್ಲಿ, ಅಲ್ಲಿಯೇ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ನನ್ನ ಸಹೋದ್ಯೋಗಿಯ ಭಾವಚಿತ್ರಕ್ಕೆ ಹಾರ ಹಾಕಿದ ಪ್ರಾಚಾರ್ಯರು ಮೈಕಿನ ಮುಂದೆ ನಿಂತು ಹೀಗೆಂದರು: "ಊರ ಮಂದಿ ಲ್ಯಾಪ್‌ಟಾಪೆಲ್ಲಾ ಥಂಡಾ ಮಾಡ್ತೇನಿ ಅಂತಿದ್ದ ನಮ್ಮ ಥಂಡಾ ಮಾಸ್ತರು, ಇವತ್ತ ತಾವ ಥಂಡಾ ಆಗ್ಯಾರ."

ಮೊದಲು ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಆಮೇಲೆ ನಡುವಿನ ಸಾಲುಗಳಲ್ಲಿ. ಮುಂದಿನ ಸಾಲಿನಲ್ಲಿ ತೀರಿಹೋದವರ ಹೆಂಡತಿ ಕುಳಿತಿದ್ದರು. ಅವರು ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು, ಅಷ್ಟೇ. ನಾನು ಎದ್ದು ನಿಂತು ಎರಡು ಮಾತಾಡಲು ಅಪ್ಪಣೆ ಕೇಳಿದೆ. ವೇಳೆಯಿಲ್ಲವೆಂದರು. ವೇಳೆಯಿಲ್ಲದ ಆ ಸಭೆಯಲ್ಲಿ ಆಮೇಲೆ ಚಹಾ, ಬಿಸ್ಕೀಟುಗಳಿಗೆ ಬೇಕಾದಷ್ಟು ವೇಳೆ ದೊರೆಯಿತು. ನನ್ನ ಕೈಗೆ ಬಂದ ಚಹಾವನ್ನು ನಾನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಬಂದೆ. ಅಲ್ಲಿ ಹೇಳಲು ಬಿಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರನ್ನು ಎತ್ತುವ ಮೊದಲು ಅದಕ್ಕೆ ಅಂಟಿಸಿದ ಅಡ್ಡಹೆಸರನ್ನು ತೊಳೆಯಬೇಕಾಗಿದೆ.

ಅವರು ಬಬಲೇಶ್ವರದ ಕಡೆಯವರು, ಮನೆ ಮಾಡಿಕೊಂಡದ್ದು ತಿಕೋಟಾದಲ್ಲಿ. ಅಲ್ಲಿ ಅವರ ಅಣ್ಣನ ದ್ರಾಕ್ಷಿ ತೋಟವಿದೆ. ತೋಟದ ಮಗ್ಗುಲಿಗೆ ದ್ರಾಕ್ಷಿ ಒಣಗಿಸುವ ಶೆಡ್ಡು, ಅಂದರೆ ನಮ್ಮವರು ಮಣೂಕದ ಶೆಡ್ಡು ಎನ್ನುವುದು: ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಒಂದರ ಮೇಲೊಂದು ಜಾಳಿಗೆಯ ಅಂತಸ್ತುಗಳು. ದಿನವೂ ತಿಕೋಟಾದ ಬಸ್ಸಿಗೆ ಕಾಲೇಜಿಗೆ ಬರುತ್ತಿದ್ದರು. ಎತ್ತರದ ಆಳು, ಆದರೆ ಬಾಗಿಲು ಎಷ್ಟೇ ಎತ್ತರವಿರಲಿ ತಲೆ ತಗ್ಗಿಸಿಯೇ ಒಳಗೆ ಬರುವರು. ಯಾವುದನ್ನು ಕೇಳಿದರೂ ತಟ್ಟನೆ ಉತ್ತರ ಕೊಡುತ್ತಿರಲಿಲ್ಲ. "ನೋಡ್ಬೇಕ್ರಿ" ಎನ್ನುವರು. ಹೊರಗೆ ಮಳೆ ಬರುತ್ತಿದೆಯೇ ಎಂದು ಕೇಳಿದರೂ ಎದ್ದು ಹೋಗಿ ಕೈ ಹೊರಗೆ ಚಾಚಿ ನೋಡಿಬಂದು ಹೇಳುವ ಮನುಷ್ಯ. ಸ್ಟಾಫ್ ರೂಮಿನಲ್ಲಿ ಇದೊಂದು ತಮಾಷೆಯಾಗಿತ್ತು. ನಾನು ಮಾತ್ರ ಆ ತಮಾಷೆಗೆ ಎಂದೂ ನಗಲಿಲ್ಲ. ನಾನು ಇತಿಹಾಸದವನು. ನೋಡದೆ ಹೇಳುವವರ ಮಾತುಗಳನ್ನು ತಿದ್ದುವುದರಲ್ಲಿಯೇ ನನ್ನ ಅರ್ಧ ಆಯುಷ್ಯ ಹೋಗಿದೆ.

ನಮ್ಮಿಬ್ಬರ ನಂಟು ಗಟ್ಟಿಯಾದದ್ದು ನನ್ನ ಲ್ಯಾಪ್‌ಟಾಪಿನಿಂದ. ಕಾಖಂಡಕಿ, ಅರಕೇರಿ, ಜೈನಾಪುರದ ಹೊಲಗಳಲ್ಲಿ ಬಿದ್ದಿರುವ ಸವೆದ ಕಲ್ಲುಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಕಣ್ಣಿಗೆ ಕಾಣದ ಅಕ್ಷರಗಳನ್ನು ಓದಲು ಒಂದು ಉಪಾಯವಿದೆ. ಒಂದೇ ಕಲ್ಲನ್ನು ಎಲ್ಲ ಮಗ್ಗುಲುಗಳಿಂದ, ಬೆಳಕು ಬದಲಾದಂತೆಲ್ಲ, ನೂರಾರು ಫೋಟೋ ತೆಗೆದು, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಾಗಿ ಜೋಡಿಸಿದರೆ ಕಲ್ಲಿನ ಮೈಯ ಏರುತಗ್ಗುಗಳು ಎದ್ದು ಕಾಣುತ್ತವೆ. ಜೋಡಿಸುವ ಈ ಕೆಲಸ ಯಂತ್ರಕ್ಕೆ ಬಲು ಭಾರ. ಕಾಲೇಜಿಗೆ ದಾನಿಯೊಬ್ಬರು ಲ್ಯಾಪ್‌ಟಾಪುಗಳನ್ನು ಕೊಡಿಸಿದಾಗ ಅದೇ ಮಾದರಿಯದೊಂದನ್ನು ಅದೇ ವ್ಯಾಪಾರಿಯಿಂದ ನಾನೂ ತರಿಸಿಕೊಂಡಿದ್ದೆ. ನಮ್ಮ ಊರಿನ ಚೈತ್ರ ವೈಶಾಖದಲ್ಲಿ ಅದು ಅರ್ಧ ಕಲ್ಲು ಜೋಡಿಸುವಷ್ಟರಲ್ಲಿ ರೊಟ್ಟಿಯ ಹಂಚಿನಂತೆ ಕಾದು, ಫ್ಯಾನು ಕೂಗಿ ಕೂಗಿ, ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ಮಾರಿದವನನ್ನು ಕೇಳಿದರೆ, "ಅಜ್ಜಾರ, ಬ್ಯಾಸಗ್ಯಾಗ ನಮಗ ತಡ್ಯಾಕ ಆಗೂದಿಲ್ಲ, ಅದಕ್ಕೇನ್ ತಡೀತೈತ್ರಿ?" ಎಂದ. ಆಗ ನಾನು ಇನ್ನೂ ಸೇವೆಯಲ್ಲಿದ್ದೆ, ಅಜ್ಜನಾಗಿರಲಿಲ್ಲ.

ಭೌತಶಾಸ್ತ್ರದವರು ಒಂದು ದಿನ ನನ್ನ ಮೇಜಿನ ಬಳಿ ಬಂದು, ಕೂಗುತ್ತಿದ್ದ ಆ ಯಂತ್ರದ ಮೇಲೆ ಬಲಗೈ ಬೆರಳುಗಳ ಹಿಂಬದಿಯನ್ನು ಇಟ್ಟರು. ಮನೆಯಲ್ಲಿ ಹೆಣ್ಣುಮಕ್ಕಳು ಕೂಸಿನ ಹಣೆಯ ಜ್ವರ ನೋಡುವ ರೀತಿ ಅದು. ನಂತರ ಕೈ ತೆಗೆದು ಆ ಬೆರಳುಗಳನ್ನೇ ಒಂದು ಗಳಿಗೆ ನೋಡಿಕೊಂಡರು.

"ಇದಕ್ಕ ಕೊಡೂದು ಹೆಚ್ಚಾಗೈತ್ರಿ," ಎಂದರು.

"ಏನ್ ಹೆಚ್ಚಾಗೇದ?"

"ವೋಲ್ಟೇಜ್ರಿ. ಮದುವ್ಯಾಗ ಬಡಸಾಂವ ಏನ್ ಮಾಡ್ತಾನ್ರಿ? ಯಾರ ಹೊಟ್ಟಿ ಎಷ್ಟಂತ ಕೇಳ್ತಾನೇನು? ಎಲ್ಲಾರ ತಾಟಿಗೂ ಸೌಟ ತುಂಬಿ ಹುಗ್ಗಿ ಹಾಕ್ಕೊಂತ ಹೋಗ್ತಾನ. ಫ್ಯಾಕ್ಟರ್ಯಾಗೂ ಹಂಗ. ಪ್ರೊಸೆಸರ್ ಒಂದರಂಗ ಒಂದ ಇರೂದಿಲ್ಲ. ಎಲ್ಲಾಕಿಂತ ಹಸದಿದ್ದು ಯಾವುದೈತಿ, ಅದರ ಲೆಕ್ಕದಾಗ ಎಲ್ಲಾಕ್ಕೂ ಬಡಸಿ ಕಳಸ್ತಾರ. ನಿಮ್ಮದಕ್ಕ ಅಷ್ಟ ಬೇಕಾಗಿಲ್ಲ. ಹೆಚ್ಚಿಂದೆಲ್ಲಾ ಕಾವಾಗಿ ಹೊರಗ ಬೀಳಾಕತ್ತೈತಿ."

"ಕಡಿಮಿ ಕೊಟ್ರ ಕೆಲಸಾನೂ ಕಡಿಮಿ ಮಾಡ್ತದಲ್ರಿ?"

"ಇಲ್ರಿ. ಓಟ ಅಷ್ಟ ಇರತೈತಿ, ಬೆವರ ಕಡಿಮಿ ಆಗತೈತಿ. ಆದ್ರ ಎಷ್ಟ ಕಡಿಮಿ ಅಂತ..."

"ನೋಡ್ಬೇಕ್ರಿ," ಎಂದು ನಾನೇ ಮುಗಿಸಿದೆ. ಅವರು ನಕ್ಕರು. ಅವರು ಬಾಯಿಬಿಟ್ಟು ನಕ್ಕದ್ದು ಬಹಳ ಅಪರೂಪ.

ಈ ವಿದ್ಯೆಗೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರಂತೆ. ಲೋಕದಲ್ಲಿ ಬಹಳ ಮಂದಿ ಮಾಡುತ್ತಾರೆ. ಹುಡುಗರು ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತಾರೆಂದು ಕೇಳಿದ್ದೇನೆ. ಇವರ ರೀತಿ ಬೇರೆಯಾಗಿತ್ತು. ವೋಲ್ಟೇಜನ್ನು ಒಂದು ಕೂದಲೆಳೆಯಷ್ಟು ಇಳಿಸುವುದು, ಯಂತ್ರಕ್ಕೆ ಅದರ ಮಾಲೀಕ ಮಾಡಿಸುವ ಅತಿ ಭಾರದ ಕೆಲಸವನ್ನೇ ಕೊಟ್ಟು ಕುಳಿತು ನೋಡುವುದು, ತಡೆದರೆ ಮತ್ತೊಂದು ಎಳೆ ಇಳಿಸುವುದು. ಒಂದು ಹಂತದಲ್ಲಿ ಯಂತ್ರ ತತ್ತರಿಸಿ ಪರದೆ ಸ್ತಬ್ಧವಾಗುತ್ತದೆ. ಅಲ್ಲಿಗೆ ಅದರ ತಳ ಸಿಕ್ಕಂತೆ. ಹುಡುಗರು ಅಲ್ಲಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸುತ್ತಾರೆ. ಇವರು ಎರಡು ಮೆಟ್ಟಿಲು ಹಿಂದಕ್ಕೆ ಬರುವರು. "ಒಂದ ಮೆಟ್ಟಲ ಅದಕ್ಕ, ಇನ್ನೊಂದ ನನಗ್ರಿ," ಎನ್ನುತ್ತಿದ್ದರು. "ನನ್ನ ನೋಡೂದ್ರಾಗೂ ತಪ್ಪ ಇರತೈತಲ್ರಿ."

ಇಷ್ಟಾದ ಮೇಲೂ ಯಂತ್ರವನ್ನು ಮರಳಿ ಕೊಡುತ್ತಿರಲಿಲ್ಲ. ಚಳಿಗಾಲದಲ್ಲಿ ಹದ ಮಾಡಿದ್ದು ಬೇಸಿಗೆಯಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ ಎನ್ನುವರು. ಮಣೂಕದ ಹಂಗಾಮು ಬರಬೇಕು. ದ್ರಾಕ್ಷಿ ಒಣಗುವ ಆ ಶೆಡ್ಡಿನ ತಗಡಿನ ಕೆಳಗೆ, ಮೇಲಿನ ಅಂತಸ್ತಿನ ಒಂದು ಮೂಲೆಯಲ್ಲಿ ಯಂತ್ರವನ್ನಿಟ್ಟು, ನಡುಮಧ್ಯಾಹ್ನದಲ್ಲಿ ಅದಕ್ಕೆ ಪೂರ್ತಿ ಕೆಲಸ ಕೊಡಬೇಕು. ಅಲ್ಲಿ ತಡೆದರೆ ಮಾತ್ರ ಅದರ ಕೆಳಮೈಗೆ ಒಂದು ಕಾಗದದ ಪಟ್ಟಿ ಅಂಟಿಸಿ, ಇಳಿಸಿದ ಅಂಕಿಯನ್ನು ಬರೆದು ಕೊಡುವರು. ನನ್ನ ಲ್ಯಾಪ್‌ಟಾಪು ಆ ಬೇಸಿಗೆ ತಿಕೋಟಾದಿಂದ ಮರಳಿದಾಗ ಅದರ ಕೀಲಿಗಳ ಸಂದಿಯಲ್ಲಿ ಹುಳಿಸಿಹಿ ವಾಸನೆ ಇತ್ತು. ಸಂಜೆ ಒಂದು ಇಡೀ ಕಲ್ಲು ಜೋಡಿಸಿದೆ. ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಅಷ್ಟೇ. ಅರಕೇರಿಯ ಕಲ್ಲಿನಲ್ಲಿ ದಾನ ಕೊಟ್ಟವಳ ಹೆಸರು ಆ ಸಂಜೆ ಮೊದಲ ಸಲ ಕಂಡಿತು.

ನಾನು ಅವರನ್ನು ಬರಿದೇ ಹೊಗಳಲು ಕುಳಿತಿಲ್ಲ. ಅವರಲ್ಲಿ ನನಗೆ ಸಿಟ್ಟು ತರಿಸುವ ಗುಣಗಳೂ ಇದ್ದವು. ಒಮ್ಮೆ ನಾನು ಪ್ರಾಚಾರ್ಯರ ಒಂದು ಉಪೇಕ್ಷೆಯ ಬಗ್ಗೆ ಹೇಳುತ್ತಿದ್ದೆ. ನನ್ನ ಪುಸ್ತಕವೊಂದರ ಬಿಡುಗಡೆಯಲ್ಲಿ ಅವರು ನನ್ನನ್ನು ಭೂಗೋಳದ ಅಧ್ಯಾಪಕರೆಂದು ಪರಿಚಯಿಸಿದ್ದರು. ಇವರು ಎಲ್ಲವನ್ನೂ ಕೇಳಿ, "ನಿಮ್ಮ ಮಷೀನ ಯಾಕ ಕಾಯ್ತಿತ್ತಂತ ಈಗ ತಿಳೀತ ನೋಡ್ರಿ. ಯಾರ ಏನ್ ಅಂದ್ರೂ ಒಂದೂ ಹೊರಗ ಬಿಡೂದಿಲ್ಲ ನೀವು," ಎಂದರು. ಸ್ಟಾಫ್ ರೂಮು ನಕ್ಕಿತು. ಆ ಮಾತನ್ನೂ ನಾನು ಮರೆತಿಲ್ಲ.

ಕಾಲೇಜಿನ ಲ್ಯಾಪ್‌ಟಾಪುಗಳ ಕತೆ ಶುರುವಾದದ್ದು ಅದೇ ಬೇಸಿಗೆಯಲ್ಲಿ. ಕಂಪ್ಯೂಟರ್ ಕೋಣೆ ಮೇಲ್ಮಹಡಿಯಲ್ಲಿತ್ತು. ಅಲ್ಲಿಯೂ ತಗಡಿನ ಮಾಡು. ಯಂತ್ರಗಳು ಕಾದು ಆರಿಹೋಗುವ ದೂರು ದಿನವೂ ಇತ್ತು. ಇವರು ಪ್ರಾಚಾರ್ಯರನ್ನು ಕಂಡು, ತಾವು ಸರಿಪಡಿಸಬಹುದೇನೋ, ನೋಡಬೇಕು, ಎಂದರು. ಪ್ರಾಚಾರ್ಯರು ಆಗ ಮೆಟ್ಟಿಲು ಇಳಿಯುತ್ತಿದ್ದರು. ಬಲಗೈಯಲ್ಲಿ ಕೀಲಿಕೈ ಗೊಂಚಲನ್ನು ತಿರುಗಿಸುತ್ತ, "ಮಾಡ್ರಿ ಮಾಡ್ರಿ, ನಿಮಗ ಯಾರ ಬ್ಯಾಡ ಅಂತಾರ?" ಎಂದರು. ಆ ಮೆಟ್ಟಿಲುಗಳ ಮೇಲೆ ಇದ್ದವರು ಮೂವರು: ಅವರು, ಇವರು, ನಾನು. ಇದನ್ನು ಯಾಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ರಜೆಯಲ್ಲಿ ಇವರು ಕೆಲವು ಕೆಲವಾಗಿ ಆ ಲ್ಯಾಪ್‌ಟಾಪುಗಳನ್ನೆಲ್ಲ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಕೋಟಾಕ್ಕೆ ಒಯ್ದರು. ಒಂದೊಂದರ ತಳವನ್ನೂ ಬೇರೆ ಬೇರೆಯಾಗಿ ಹುಡುಕಿ, ಎರಡು ಮೆಟ್ಟಿಲು ಹಿಂದೆ ಬಂದು, ಶೆಡ್ಡಿನಲ್ಲಿ ಬೇಯಿಸಿ, ಪಟ್ಟಿ ಅಂಟಿಸಿ ತಂದರು. ಅವರ ಅಣ್ಣ, "ಈ ಸಲ ನಮ್ಮ ಶೆಡ್ಡಿನ್ಯಾಗ ಒಣಗಿದ್ದು ಕೆಜಿಯಷ್ಟ ಮಣೂಕ, ಉಳದಿದ್ದೆಲ್ಲಾ ಲ್ಯಾಪ್‌ಟಾಪ್ ನೋಡ್ರಿ," ಎಂದು ಊರೆಲ್ಲ ಹೇಳಿಕೊಂಡು ನಕ್ಕರಂತೆ. ಆ ವರ್ಷ ಕಂಪ್ಯೂಟರ್ ಕೋಣೆಯಿಂದ ಒಂದು ದೂರೂ ಬರಲಿಲ್ಲ. ದಾನಿಗಳು ಭೇಟಿ ಕೊಟ್ಟಾಗ ಪ್ರಾಚಾರ್ಯರು ಅವರ ಕೈಯನ್ನು ಹಿಡಿದು ಒಂದು ಯಂತ್ರದ ಮೇಲೆ ಇಡಿಸಿ, "ನೋಡ್ರಿ ಸಾಹೇಬ್ರ, ಎಷ್ಟ ಥಂಡಾ ಇಟ್ಟೇವಿ," ಎಂದರು. 'ಇಟ್ಟೇವಿ' ಎಂದರು. ಅದನ್ನು ತಣಿಸಿದವರು ಬಾಗಿಲ ಬಳಿ ನಿಂತಿದ್ದರು. ಯಾರೂ ಅವರನ್ನು ಪರಿಚಯಿಸಲಿಲ್ಲ.

ಮರುವರ್ಷದ ಏಪ್ರಿಲ್. ಅದು ನನ್ನ ಸೇವೆಯ ಕೊನೆಯ ಬೇಸಿಗೆ. ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗೆ ಕೂಡುವ ಮಕ್ಕಳಿಗಾಗಿ ಕಾಲೇಜು ಒಂದು ಮಾದರಿ ಪರೀಕ್ಷೆ ಇಟ್ಟಿತ್ತು. ಬೇರೆ ಕಾಲೇಜುಗಳ ಮಕ್ಕಳೂ ಬಂದಿದ್ದರು, ಪಾಲಕರು ಅಂಗಳದಲ್ಲಿ ನಿಂತಿದ್ದರು. ಆ ಕೋಣೆಯ ಮೇಲ್ವಿಚಾರಕ ನಾನೇ. ಪರೀಕ್ಷೆ ಅರ್ಧಕ್ಕೆ ಬಂದಿರಬೇಕು, ಒಂದು ಯಂತ್ರದ ಫ್ಯಾನು ಕೂಗತೊಡಗಿತು. ಆ ಕೂಗು ನನಗೆ ಪರಿಚಿತ. ನೋಡುನೋಡುತ್ತ ಪಕ್ಕದ್ದು, ಅದರ ಪಕ್ಕದ್ದು. ಆಮೇಲೆ ಒಂದೊಂದಾಗಿ ಪರದೆಗಳು ಕಪ್ಪಾದವು. ಒಬ್ಬ ಹುಡುಗಿ ಉತ್ತರಗಳೆಲ್ಲ ಹೋದವೆಂದು ಅಳತೊಡಗಿದಳು. ನಾನು ಅವಳ ಯಂತ್ರದ ಮೇಲೆ ಕೈಯಿಟ್ಟೆ. ಇಡಲಾಗಲಿಲ್ಲ, ಅಷ್ಟು ಬಿಸಿ.

ಪ್ರಾಚಾರ್ಯರು ಬಂದರು. ಭೌತಶಾಸ್ತ್ರದವರೂ ಬಂದರು. ಪಾಲಕರ ಎದುರಿನಲ್ಲಿ, ಮಕ್ಕಳ ಎದುರಿನಲ್ಲಿ ಪ್ರಾಚಾರ್ಯರು ಕೂಗಿದರು: "ಕೈ ಹಚ್ಚಬ್ಯಾಡ್ರಿ, ಹಚ್ಚಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ ಇವರಿಗೆ! ಕಂಪನಿಯವ್ರು ಮೂರ್ಖರು, ಇವರೊಬ್ರ ಶಾಣ್ಯಾ! ವೋಲ್ಟೇಜ್ ಕಡಿಮಿ ಮಾಡ್ಯಾರಂತ, ವೋಲ್ಟೇಜ್! ಉಪವಾಸ ಕೆಡವಿ ಎಲ್ಲಾ ಮಷೀನ ಕೊಂದಾರ!"

ಇವರು ಆ ಹುಡುಗಿಯ ಯಂತ್ರದ ಮೇಲೆ ಬೆರಳ ಹಿಂಬದಿ ಇಟ್ಟರು. ತೆಗೆದು ನೋಡಿಕೊಂಡರು. ಮುಖದಲ್ಲಿ ಏನೋ ಒಂದು ಬದಲಾದದ್ದನ್ನು ನಾನು ಕಂಡೆ.

"ಒಂದ ಮಷೀನ ನನಗ ಎಂಟ ದಿನ ಕೊಡ್ರಿ ಸರ್. ನೋಡ್ತೇನಿ."

"ಯಾಕ್ರಿ ಥಂಡಾ ಮಾಸ್ತರ, ಉಸರ ಉಳದಿದ್ರ ತಗ್ಯಾಕ?"

ಪಾಲಕರಲ್ಲಿ ಕೆಲವರು ನಕ್ಕರು. 'ಥಂಡಾ ಮಾಸ್ತರ' ಎಂಬ ಮಾತು ಹುಟ್ಟಿದ್ದು ಆ ಹೊತ್ತಿನಲ್ಲಿ, ಅದೇ ಬಾಯಿಂದ. ಅದೇ ಸಂಜೆ ಯಂತ್ರಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೆಟ್ಟಿಲ ಮೇಲಿನ ಮಾತನ್ನು ನಾನು ಅಲ್ಲಿಯೇ, ಎಲ್ಲರೆದುರು, ಪ್ರಾಚಾರ್ಯರಿಗೆ ನೆನಪಿಸಿದೆ. "ನೀವು ನಿಮ್ಮ ಭೂಗೋಳ ನೋಡ್ಕೊಳ್ರಿ," ಎಂದರು.

ನಾನು ಸುಮ್ಮನೆ ಕುಳಿತುಕೊಳ್ಳುವವನಲ್ಲ. ಕಾಲೇಜಿನ ಹಳೆಯ ಸಿಪಾಯಿಯನ್ನು ಕೇಳಿದೆ. ಅವನು ಹೇಳಿದ: "ಪರೀಕ್ಷಾ ಐತಂತ ಸರ್ವಿಸ್‌ನಾಂವ ಒಬ್ಬ ಬಂದಿದ್ದನ್ರಿ. ಪ್ರಿನ್ಸಿಪಾಲ ಸಾಹೇಬ್ರ ಕರಸಿದ್ರು. ಪೆನ್ ಡ್ರೈವ್ ಹಾಕಿ ಎಲ್ಲಾ ಅಪ್‌ಡೇಟ್ ಮಾಡಿ ಹೋದನ್ರಿ." ಈ ಮಾತನ್ನು ನಾನು ಓಡುತ್ತ ತಂದು ಸ್ಟಾಫ್ ರೂಮಿನಲ್ಲಿ ಇವರ ಮುಂದಿಟ್ಟೆ. ಇವರು ನಿಧಾನವಾಗಿ ತಿಳಿಸಿ ಹೇಳಿದರು. ಯಂತ್ರ ಎದ್ದೇಳುವಾಗ ಮೊಟ್ಟಮೊದಲು ಓಡುವ ಒಂದು ಮೂಲ ತಂತ್ರಾಂಶವಿದೆ. ಕೆಲವು ತಯಾರಕರು ಅದನ್ನು ಹೊಸದು ಮಾಡುವಾಗ, ಭದ್ರತೆಯ ಕಾರಣ ಹೇಳಿ, ವೋಲ್ಟೇಜು ಇಳಿಸುವ ಬಾಗಿಲನ್ನೇ ಮುಚ್ಚಿಬಿಟ್ಟಿದ್ದಾರೆ. ಮುಚ್ಚಿದರೆ ಇಳಿಸಿದ್ದೆಲ್ಲ ಅಳಿದು ಯಂತ್ರ ಮತ್ತೆ ಮೊದಲಿನಂತೆ ಪೂರ್ತಿ ವೋಲ್ಟೇಜು ತಿನ್ನುತ್ತದೆ, ಮೊದಲಿನಂತೆಯೇ ಕಾಯುತ್ತದೆ. ಮುಚ್ಚಿದ ಬಾಗಿಲು ಮತ್ತೆ ತೆರೆಯುವುದೂ ಇಲ್ಲ.

"ಹಂಗಾದ್ರ ಅವು ನಿಂತಿದ್ದು ನೀವು ಕೈ ಹಚ್ಚಿದ್ದಕ್ಕಲ್ಲ. ನೀವು ಮಾಡಿದ್ದು ಅಳಿಸಿ ಹೋಗಿದ್ದಕ್ಕ!"

"ಹಂಗ ಅನಸ್ತೈತ್ರಿ."

"ಅನಸ್ತೈತಿ ಅಂದ್ರೇನ್ರಿ? ವೋಲ್ಟೇಜ್ ಕಡಿಮಿ ಬಿದ್ದ ಮಷೀನ ತಣ್ಣಗಿದ್ದಾಗನ ತಟ್ಟನ ನಿಲ್ತದ ಅಂತ ನೀವ ಹೇಳೀರಿ. ಇವು ಸುಡ್ತಿದ್ವು. ನಾನ ಮುಟ್ಟೇನಿ!"

"ಖರೇರಿ. ಆದ್ರ ಅಂವ ಯಾವ ಅಪ್‌ಡೇಟ್ ಹಾಕ್ಯಾನ, ಬಾಗಲಾ ಮುಚ್ಚೇತೋ ಇಲ್ಲೋ, ನಾ ನೋಡಿಲ್ಲಲ್ರಿ. ನನ್ನ ಅಂಕಿನ ತಪ್ಪಿರಬಹುದು. ಒಂದ ವರ್ಷದಾಗ ಮಷೀನ ಸವೀತಾವ. ಎರಡ ಮೆಟ್ಟಲ ಸಾಲದ ಇರಬಹುದು."

"ಸುಳ್ಳ ಆರೋಪ ತಲೀ ಮ್ಯಾಲ ಹೊತಗೊಂಡು ಕುಂಡರತೀರೇನು?"

"ಸುಳ್ಳ ಅಂತ ಇನ್ನೂ ಪರೀಕ್ಷಾ ಆಗಿಲ್ರಿ," ಎಂದರು.

ನನ್ನ ಜೀವಮಾನದಲ್ಲಿ ನಾನು ಅಷ್ಟು ಕೋಪಗೊಂಡದ್ದು ಕಡಿಮೆ. ಅದು ಪ್ರಾಚಾರ್ಯರ ಮೇಲಿನ ಕೋಪವಲ್ಲ, ಇವರ ಮೇಲಿನದು. ತನ್ನ ಮಾನವನ್ನು ಕೂಡ ನೋಡದೆ ಹೇಳಲೊಲ್ಲದ ಮನುಷ್ಯನನ್ನು ಕಾಯುವವರು ಯಾರು? ಅನಿಸುತ್ತದೆ ಎಂಬ ಒಂದೇ ಮಾತನ್ನು ಅವರು ಎದ್ದುನಿಂತು ಹೇಳಿದ್ದರೂ ಅರ್ಧ ಕಾಲೇಜು ಅವರ ಕಡೆಗೆ ಬರುತ್ತಿತ್ತು. ಅವರು ಹೇಳಲಿಲ್ಲ. ಒಂದು ಯಂತ್ರ ಕೊಡಿ ಎಂದು ಮತ್ತೆ ಮತ್ತೆ ಕೇಳಿದರು, ಅಷ್ಟೇ. ಕಪಾಟಿನ ಬೀಗ ತೆರೆದದ್ದು ಮಳೆಗಾಲದಲ್ಲಿ, ಆ ಲ್ಯಾಪ್‌ಟಾಪುಗಳನ್ನೆಲ್ಲ ಗುಜರಿಯವನಿಗೆ ಹಾಕಲು.

ಅವರ ಸೇವೆಯ ಕೊನೆಯ ವರ್ಷ ಹೀಗೆ ಕಳೆಯಿತು. ಮೊದಲು ತಾವಾಗಿಯೇ ಬಂದು ಯಂತ್ರ ತಣಿಸಿಕೊಂಡು ಹೋಗಿದ್ದವರು ಒಬ್ಬೊಬ್ಬರಾಗಿ ಮರಳಿ ಬಂದು, "ಮೊದಲಿನಂಗ ಮಾಡಿ ಕೊಡ್ರಿ," ಎಂದರು. ಕಚೇರಿಯ ಅಧೀಕ್ಷಕರೂ ಬಂದರು, ಇವರ ಕೈಯಿಂದಲೇ ಎರಡು ಬೇಸಿಗೆ ಸುಖವಾಗಿ ಕಳೆದವರು. ಇವರು ಇಳಿಸಿದ್ದನ್ನು ಏರಿಸಿ, ಕೆಳಗಿನ ಪಟ್ಟಿಯನ್ನು ಉಗುರಿನಿಂದ ಬಿಡಿಸಿ ಕೊಟ್ಟರು. ನಾನು ಈ ಪ್ರಸಂಗವನ್ನು ನಂತರ ಕೇಳಿ, ಯಾಕೆ ಕೊಟ್ಟಿರೆಂದು ಜಗಳ ತೆಗೆದಾಗ, "ಮಷೀನ ಅವರದೈತ್ರಿ," ಎಂದರು. ತಿಕೋಟಾ ಬಸ್ಸಿನ ಕಂಡಕ್ಟರ್ ಕೂಡ "ಥಂಡಾ ಮಾಸ್ತರ, ಮುಂದ ಸರೀರಿ," ಎನ್ನತೊಡಗಿದ್ದ. ಬೀಳ್ಕೊಡುಗೆಯ ದಿನ ಹೊದಿಸಿದ ಶಾಲಿನ ಅಂಚಿನಲ್ಲಿ ಹಿಂದೆ ಯಾರಿಗೋ ಹೊದಿಸಿದಾಗ ಬಿದ್ದ ಕುಂಕುಮದ ಕಲೆಯಿತ್ತು. ಅವರು ಅದನ್ನು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ.

ಅಷ್ಟರಲ್ಲಿ ಆ ಮಾದರಿಯ ಲ್ಯಾಪ್‌ಟಾಪುಗಳಲ್ಲಿ ಅಪ್‌ಡೇಟ್ ತಾಗದೆ, ಅವರ ಪಟ್ಟಿ ಹೊತ್ತು, ಜೀವಂತವಾಗಿ ಉಳಿದದ್ದು ಒಂದೇ ಒಂದು. ಅದು ನನ್ನದು. ಅದಕ್ಕೆ ಆ ಅಪ್‌ಡೇಟ್ ಹಾಕಿದರೆ ಸತ್ಯ ಹೊರಬೀಳುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ. ಆದರೆ ಬಾಗಿಲು ಮುಚ್ಚಿದರೆ ನನ್ನ ಯಂತ್ರವೂ ಮತ್ತೆ ತಣ್ಣಗಾಗುವುದಿಲ್ಲ, ಕಲ್ಲುಗಳ ಕೆಲಸ ಅಲ್ಲಿಗೆ ನಿಂತಂತೆ. ನಾನು ಹಲವು ಸಲ ಅದನ್ನು ಅವರ ಮುಂದೆ ಸರಿಸಿದ್ದೇನೆ. ಕೊನೆಯ ಸಲ ಸರಿಸಿದ್ದು ಆಷಾಢದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ. ಅವರು ಅದನ್ನು ಮಗುಚಿ, ಕೆಳಗಿನ ತಮ್ಮದೇ ಅಕ್ಷರದ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದರು.

"ಕಾಖಂಡಕಿ ಕಲ್ಲ ಮುಗೀತೇನ್ರಿ?"

"ಇನ್ನ ಎರಡ ಸಾಲ ಉಳದಾವ. ಕಲ್ಲ ಎಲ್ಲಿ ಓಡಿ ಹೋಗ್ತದ್ರಿ? ಸಾವಿರ ವರ್ಷ ಬಿದ್ದದ. ನಿಮ್ಮ ಹೆಸರು ದಿನಾ ಸವೀಲಿಕ್ಕತ್ತದ."

ಅವರು ಯಂತ್ರವನ್ನು ನೇರ ಮಾಡಿ ನನ್ನ ಕಡೆಗೆ ತಳ್ಳಿದರು. "ಕಲ್ಲ ಮುಗಸ್ರಿ ಮೊದಲ. ಮುಂದಿನ ಮಣೂಕದ ಹಂಗಾಮಿಗೆ ನೋಡೂಣು. ಈಗ ಹವಾನೂ ತಂಪೈತಿ, ಈಗ ಮಾಡಿದ್ದ ಪರೀಕ್ಷಾ ಪರೀಕ್ಷಾ ಅಲ್ರಿ."

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಸಂತಾಪ ಸಭೆಯಿಂದ ಹೊರಬಂದು ನಾನು ಗೇಟಿನ ಬಳಿ ನಿಂತಿದ್ದಾಗ ಅವರ ಹೆಂಡತಿ ಹಿಂದೆಯೇ ಬಂದರು. ಆ ಮನೆಯಲ್ಲಿ ನಾನು ಅವರಿಗೆ ಅಣ್ಣನ ಸಮಾನ. ನನ್ನ ಮುಖ ನೋಡದೆ, ಗೇಟಿನ ಸರಳು ಹಿಡಿದು ಕೇಳಿದರು: "ಅಣ್ಣಾರ, ಖರೇ ಹೇಳ್ರಿ. ಕಾಲೇಜಿನ ಮಷೀನ ಅವರ ಕೆಡಸಿದ್ರೇನು?"

"ಇಲ್ಲ ತಂಗೀ."

"ನಾ ಅವರನ್ನೂ ಕೇಳಿದ್ದೆ. 'ಗೊತ್ತಿಲ್ಲ' ಅಂದ್ರು. ಹೆಂಡ್ತಿ ಮುಂದೂ ಗೊತ್ತಿಲ್ಲ ಅಂದ್ರ ನಾ ಏನ್ ತಿಳ್ಕೊಬೇಕ್ರಿ? ಮಂದಿ ಕೇಳಿದ್ರ ಏನ್ ಹೇಳಬೇಕು?"

ಆ ಪ್ರಶ್ನೆಗೆ ನನ್ನ ಬಳಿ ಇದ್ದದ್ದು ನನ್ನ ಕೋಪ ಮಾತ್ರ. ಕೋಪ ಉತ್ತರವಾಗುವುದಿಲ್ಲವೆಂದು ಆ ದಿನ ತಿಳಿಯಿತು. ಬೇಸಿಗೆಯವರೆಗೆ ಕಾಯುತ್ತೇನೆಂದು ಅಲ್ಲಿಯೇ ಮಾತು ಕೊಟ್ಟೆ.

ಈ ಏಪ್ರಿಲ್‌ನಲ್ಲಿ ನನ್ನ ಲ್ಯಾಪ್‌ಟಾಪನ್ನು ತಿಕೋಟಾಕ್ಕೆ ಒಯ್ದೆ. ಹೊರಡುವ ಮೊದಲು ಪ್ರಾಚಾರ್ಯರಿಗೆ ಫೋನು ಮಾಡಿ, ಬಂದು ಕಣ್ಣಾರೆ ನೋಡಿರೆಂದು ಕರೆದೆ. "ಬಿಡ್ರಿ ಸರ್, ಹೋದಾವ್ರ ಸುದ್ದಿ ಯಾಕ? ಆ ಮಷೀನ ಗುಜರಿಗಿ ಹೋಗಿ ಅಡಿಗೀ ಪಾತೇಲಿ ಆಗಿರ್ತಾವ," ಎಂದರು. ಕರೆದದ್ದೂ ಅವರು ಬಾರದಿದ್ದದ್ದೂ ಇಲ್ಲಿ ದಾಖಲಾಗಿರಲಿ.

ಶೆಡ್ಡಿನ ಅಂತಸ್ತುಗಳ ಮೇಲೆ ದ್ರಾಕ್ಷಿ ಬಾಡಿ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಅವರು ಇಡುತ್ತಿದ್ದ ಮೂಲೆಯನ್ನು ಅವರ ಅಣ್ಣ ತೆರವು ಮಾಡಿಕೊಟ್ಟರು. ಮೊದಲ ಮಧ್ಯಾಹ್ನ ಯಂತ್ರವನ್ನು ಅವರು ಬಿಟ್ಟ ಸ್ಥಿತಿಯಲ್ಲಿಯೇ ಇಟ್ಟು ಕಾಖಂಡಕಿಯ ಕಲ್ಲಿನ ಫೋಟೋಗಳನ್ನು ಜೋಡಿಸಲು ಹಚ್ಚಿದೆ. ಆ ಕಾವಿನಲ್ಲಿಯೂ ಕೊನೆಯ ತನಕ ಓಡಿತು; ಉಳಿದ ಎರಡು ಸಾಲು ಮಾತ್ರ ಕಾಣಲಿಲ್ಲ, ಅವಕ್ಕೆ ಬೇರೆ ಬೆಳಕಿನ ಫೋಟೋಗಳು ಇನ್ನೂ ಬೇಕು. ಅವರ ಅಂಕಿ ಸವೆದಿರಲಿಲ್ಲ. ಎರಡು ಮೆಟ್ಟಿಲು ಸಾಕಾಗಿದ್ದವು. ಫೋಟೋಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಂಡು, ಮರುದಿನ ಅದೇ ಹೊತ್ತಿಗೆ, ಆ ಪರೀಕ್ಷೆಯ ವರ್ಷ ತಯಾರಕರು ಬಿಟ್ಟಿದ್ದ ಅಪ್‌ಡೇಟ್ ಹಾಕಿದೆ. ಯಂತ್ರ ಆರಿ ಎದ್ದಿತು. ವೋಲ್ಟೇಜು ಇಳಿಸುವ ಜಾಗ ಮಸುಕಾಗಿತ್ತು, ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ. ಅದೇ ಮೂಲೆ, ಅದೇ ಕಲ್ಲು, ಅದೇ ಕೆಲಸ. ಫ್ಯಾನು ಕೂಗಿತು. ಕಂಪ್ಯೂಟರ್ ಕೋಣೆಯಲ್ಲಿ ಕೇಳಿದ ಅದೇ ಕೂಗು. ಅರ್ಧ ದಾಟುವ ಮೊದಲೇ ಪರದೆ ಕಪ್ಪಾಯಿತು.

ತಂಗಿ ಪಕ್ಕದಲ್ಲಿಯೇ ನಿಂತಿದ್ದರು. ಕೈ ಚಾಚಿ, ಬೆರಳುಗಳ ಹಿಂಬದಿಯನ್ನು ಯಂತ್ರದ ಮೇಲಿಟ್ಟರು. ಚಟ್ಟನೆ ತೆಗೆದು ಅವನ್ನೇ ನೋಡಿಕೊಂಡರು.

"ನೋಡಿದ್ರೆಲಾ ತಂಗೀ? ಇದ ಆಗಿದ್ದು. ಅವರ ಕೆಡಸಲಿಲ್ಲ. ಅವರ ಮಾಡಿದ್ದನ್ನ ಕೆಡಸಿದ್ರು. ಇವತ್ತ ಖಾತ್ರಿ ಆತು."

ಅವರ ಕಣ್ಣು ತುಂಬಿದ್ದವು, ಆದರೆ ಒರೆಸಿಕೊಳ್ಳಲಿಲ್ಲ.

"ಅವರಿದ್ರ ಒಪ್ತಿದ್ದಿಲ್ಲ ಅಣ್ಣಾರ," ಎಂದರು. "'ಇದು ನಿಮ್ಮ ಮಷೀನಿನ ಮಾತು, ಆ ಮಷೀನಿಂದಲ್ಲ' ಅಂತಿದ್ರು. 'ಒಂದ ಸಲ ಆಗಿದ್ದು ಆಗಿದ್ದಲ್ಲ' ಅಂತಿದ್ರು."

ಆ ದನಿ ಎಷ್ಟು ಅವರದಾಗಿತ್ತೆಂದರೆ ನಾನು ತಿರುಗಿ ನೋಡಿದೆ. ತಂಗಿ ಹೇಳಿದ್ದು ನಿಜ. ಗುಜರಿಯಲ್ಲಿ ಕರಗಿಹೋದ ಆ ಯಂತ್ರಗಳೊಳಗೆ ಅಂದು ಏನಾಯಿತೆಂಬುದನ್ನು ಇನ್ನು ಯಾರೂ ಕಣ್ಣಾರೆ ನೋಡುವಂತಿಲ್ಲ. ಭೌತಶಾಸ್ತ್ರದವರಾಗಿ ಅವರು ಅಲ್ಲಿಗೆ ನಿಲ್ಲುತ್ತಿದ್ದರು, ಎರಡು ಮೆಟ್ಟಿಲು ಹಿಂದೆ. ನಾನು ಇತಿಹಾಸದವನು. ಸಾವಿರ ವರ್ಷದ ಹಿಂದೆ ಸತ್ತವರ ವಿಷಯದಲ್ಲಿ, ಅರ್ಧ ಸವೆದ ಒಂದು ಕಲ್ಲನ್ನು ನಂಬಿ, ದಾನ ಕೊಟ್ಟವಳು ಇವಳೇ ಎಂದು ಸಹಿ ಹಾಕಿ ಬರೆದವನು. ನಮ್ಮ ಶಾಸ್ತ್ರದಲ್ಲಿ ಇಷ್ಟು ಸಾಕ್ಷಿ ಸಾಕು. ಆದ್ದರಿಂದ ಬರೆಯುತ್ತೇನೆ: ಅವರು ಕೆಡಿಸಲಿಲ್ಲ. ಇದನ್ನು ಕೈಯಿಂದಲೇ ಬರೆದಿದ್ದೇನೆ. ಕಾಖಂಡಕಿಯ ಎರಡು ಸಾಲುಗಳು ಬೇರೆ ಯಂತ್ರ ಬರುವ ತನಕ ಕಾಯಲಿ. ಅವಕ್ಕೆ ಕಾಯ್ದು ಅಭ್ಯಾಸವಿದೆ.

ನಾನು ಯಂತ್ರವನ್ನು ಮುಚ್ಚಿ ಚೀಲಕ್ಕೆ ಹಾಕಲು ಹೋದಾಗ ತಂಗಿ ನನ್ನ ಕೈ ತಡೆದರು.

"ಆರಲಿ ಬಿಡ್ರಿ," ಎಂದರು. "ಆರಿದ ಮ್ಯಾಲ ಇನ್ನೊಮ್ಮೆ ಹಚ್ಚೂಣು."

ನಾವಿಬ್ಬರೂ ದ್ರಾಕ್ಷಿಯ ಅಂತಸ್ತುಗಳ ನಡುವೆ ನೆಲದ ಮೇಲೆ ಕುಳಿತು, ಅದು ತಣ್ಣಗಾಗುವುದನ್ನು ಕಾಯ್ದೆವು.